ಬಿಡುವಿನ ಕೋನ

ಎಲ್ಗೊಯ್‌ಬಾರ್‌ನಲ್ಲಿ, ದೇಬಾ ಹೊಳೆಯ ದಡದ ಶೆಡ್ಡಿನಲ್ಲಿ,
ಮಧ್ಯಾಹ್ನದೊಳಗೆ ಮೂರು ಕಟರ್ ಮುರಿದಿದ್ದೆ.
ಮೂರೂ ನಾಲ್ಕು ಹಲ್ಲಿನವು,
ಮೂರೂ ಸ್ಟೇನ್‌ಲೆಸ್ ಸ್ಟೀಲಿನ ಒಂದೇ ಗುಂಡಿಯಲ್ಲಿ.
ಮೇಸ್ತ್ರಿ ಪೇಯೊ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
ಚೂರುಗಳನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟು
"ಮೈಶಾಬೆಲ್ ಹತ್ತಿರ ಹೋಗು" ಅಂದ.

ಹಿಂದಿನ ಕೋಣೆಯಲ್ಲಿ ಮಸೆಯುವವಳು ಅವಳು.
ಮೂವತ್ತೊಂದು ವರ್ಷ ಸಾಣೆಯ ಮುಂದೆ ಕೂತು
ಬಲಗಿವಿ ಹೋಗಿದೆ.
ಮನುಷ್ಯರನ್ನು ಕೇಳಲು ಎಡಗಿವಿ ತಿರುಗಿಸುತ್ತಾಳೆ,
ಯಂತ್ರವನ್ನು ಕೇಳಲು ಅಂಗೈ ಇಡುತ್ತಾಳೆ.

ಭೂತಗನ್ನಡಿ ಕಣ್ಣಿಗೊತ್ತಿ ಚೂರು ನೋಡಿದಳು.
"ಇದು ಕತ್ತರಿಸಿಲ್ಲ. ಉಜ್ಜಿದೆ.
ಹೆದರಿ ನಿಧಾನ ಓಡಿಸಿದೆ, ಅಲ್ಲವಾ?
ಒಂದೊಂದು ಹಲ್ಲಿಗೂ ಅದರ ಪಾಲಿನ ತುತ್ತು ಕೊಡಬೇಕು.
ಕೊಡದಿದ್ದರೆ ಅಲಗು ಒಳಗಿಳಿಯದೆ ಮೇಲೆಯೇ ಜಾರಿ
ಸ್ಟೀಲನ್ನು ಇನ್ನಷ್ಟು ಗಟ್ಟಿ ಮಾಡಿ ಹೋಗುತ್ತದೆ.
ಮಾಡಿದ್ದು ಮುಂದಿನ ಹಲ್ಲು, ಪಾಪ, ಉಣ್ಣಬೇಕು."

ಎಣ್ಣೆ ಹಿಡಿದ ಮೇಜಿನ ಮೇಲೆ ಸೀಮೆಸುಣ್ಣ.
ತುದಿಯಿಂದ ನೋಡಿದರೆ ಕಟರ್ ಒಂದು ಗಿರಿಗಿಟ್ಟಲೆ:
ನಾಲ್ಕು ಹಲ್ಲು, ನಾಲ್ಕು ಕಾಲುವೆ, ನಡುವೆ ತಿರುಳು.
"ಅಗಿದದ್ದು ಹೊರಗೆ ಹೋಗಲು ದಾರಿ ಬೇಡವೇ?
ಹಲ್ಲು ಹೆಚ್ಚಿಸು, ದಾರಿ ಇಕ್ಕಟ್ಟು.
ದಾರಿ ಅಗಲಿಸು, ತಿರುಳು ತೆಳು.
ಎರಡೂ ಬೇಕೆನ್ನುವವನಿಗೆ ನಾನು ಮಸೆದು ಕೊಡಲ್ಲ."

ಹಲ್ಲಿನ ಮುಖ ಕೊಕ್ಕೆಯಂತೆ ಬಾಗಿದ್ದರೆ
ಅಲ್ಯುಮಿನಿಯಂ ಬಾಳೆಹಣ್ಣಿನ ಹಾಗೆ ಸುಲಿದುಕೊಳ್ಳುತ್ತದೆ;
ಗಟ್ಟಿ ಸ್ಟೀಲಿನೆದುರು ಅಷ್ಟು ತೆಳ್ಳನೆ ತುಟಿ ನಿಲ್ಲದು.
ನೇರ ಹಲ್ಲು ಒಮ್ಮೆಗೇ ಬೀಳುತ್ತದೆ, ಕಪಾಳಕ್ಕೆ ಬಿದ್ದಂತೆ.
ಸುರುಳಿ ಹಲ್ಲು
ಕಿಕ್ಕಿರಿದ ಬಸ್ಸಿಗೆ ಮೊದಲು ಭುಜ ತೂರಿಸಿ
ಆಮೇಲೆ ಮೈ ತರುವವನ ಹಾಗೆ.

"ಈಗ ಬೆನ್ನು," ಅಂದಳು. ದನಿ ಸಣ್ಣದಾಯಿತು.
"ಅಲಗಿನ ಹಿಂದೆಯೇ ಇಳಿಜಾರು ಬೇಕು,
ಎಂಟೋ ಹತ್ತೋ ಡಿಗ್ರಿ. ಅದೇ ಬಿಡುವು.
ಬಿಡುವಿಲ್ಲದ ಹಲ್ಲು ಬೆನ್ನು ತಿಕ್ಕಿಕೊಂಡೇ ಉರಿದುಹೋಗುತ್ತದೆ.
ಅತಿಯಾದರೆ ಅಲಗಿಗೆ ಆಸರೆಯಿಲ್ಲ, ಚಕ್ಕೆ ಏಳುತ್ತದೆ."

"ಈ ಮೂವತ್ತೊಂದು ವರ್ಷದಲ್ಲಿ
ನಿಮಗೆಷ್ಟು ಕೊಟ್ಟರು, ಬಿಡುವು?" ಕೇಳಿದೆ.
ನಾನು ನಿಂತಿದ್ದು ಬಲಗಡೆ.
ಅವಳು ಸಾಣೆ ಶುರುಮಾಡಿದಳು.

ನಾಲ್ಕನೆಯದನ್ನು ಬೇರೆ ಥರ ಮಸೆದಿದ್ದಳು.
ಹಲ್ಲಿನಿಂದ ಹಲ್ಲಿಗೆ ತೊಂಬತ್ತು ಡಿಗ್ರಿಯಲ್ಲ:
ಎಂಬತ್ತೇಳು, ತೊಂಬತ್ತಮೂರು, ಮತ್ತೆ ಎಂಬತ್ತೇಳು.
"ಸಮ ತಾಳಕ್ಕೆ ಲೋಹ ಕುಣಿಯಲು ಕಲಿತುಬಿಡುತ್ತದೆ,
ಆಮೇಲೆ ಗದಗದ ನಡುಕ.
ನನ್ನ ಭಾವ ಸೈಡರ್ ಮನೆಗಳಲ್ಲಿ ಚಲಪಾರ್ತ ಬಾರಿಸುತ್ತಿದ್ದ.
ಒಂದೇ ಹಲಗೆ, ಇಬ್ಬರ ಕೋಲು.
ಒಬ್ಬ ಕಟ್ಟಿದ ತಾಳವನ್ನು ಇನ್ನೊಬ್ಬ ಬೇಕೆಂದೇ ಕೆಡಿಸಬೇಕು."
ಅವಳು ನಕ್ಕಿದ್ದು ಆಗ ಮಾತ್ರ.

ಅಲಗನ್ನು ಹೆಬ್ಬೆರಳಿನ ಉಗುರಿಗೆ ಸವರಿದಳು.
ಬಿಳಿಯ ಎಳೆಯೊಂದು ಸುರುಳಿಯಾಗಿ ಎದ್ದಿತು.
ಆ ಉಗುರಿನ ತುಂಬ ಗೀರು, ಗೀರಿನ ಮೇಲೆ ಗೀರು,
ನಮ್ಮೆಲ್ಲರ ಕಟರುಗಳ ಲೆಕ್ಕ.

ಯಂತ್ರದ ಮುಂದೆ ನನ್ನ ಜೊತೆ ನಿಂತಳು.
"ದಪ್ಪದಿಂದ ಶುರುಮಾಡು, ತೆಳ್ಳಗೆ ಮುಗಿಸು. ವೇಗ ಕೊಡು. ಇನ್ನೂ."
ನನ್ನ ಕೈ ನಡುಗುತ್ತಿತ್ತು, ಯಂತ್ರ ನಡುಗಲಿಲ್ಲ.
ಸಿಪ್ಪೆಗಳು ಅಲ್ಪವಿರಾಮಗಳಂತೆ ಸಿಡಿದವು,
ಗೋಧಿಹುಲ್ಲಿನ ಬಣ್ಣ, ಅಂಚಿನಲ್ಲಿ ನೀಲಿ.
ನಿಂತ ಮೇಲೆ ಗುಂಡಿಯ ಗೋಡೆ ಮುಟ್ಟಿಸಿದಳು.
ತಣ್ಣಗಿತ್ತು.
ಬಿಸಿಯನ್ನೆಲ್ಲ ಸಿಪ್ಪೆ ಹೊತ್ತು ಹೋಗಿತ್ತು.

ಮುರಿದ ಮೂರನ್ನು ಡಬ್ಬಿಗೆ ಹಾಕಿದಳು; ಕಾರ್ಬೈಡ್ ಗುಜರಿಗೆ ಕಿಲೋ ಲೆಕ್ಕ,
ಡಿಸೆಂಬರಿನಲ್ಲಿ ಆ ದುಡ್ಡಿಗೆ ಎಲ್ಲರಿಗೂ ಊಟ.

ಐದಕ್ಕೆ ಗಂಟೆ ಹೊಡೆಯಿತು.
ಕೋಟು ಹಾಕಿಕೊಂಡು ಕೋಣೆ ದಾಟುವಾಗ ನೋಡಿದೆ:
ಸಾಣೆ ನಿಂತು ಎಷ್ಟೋ ಹೊತ್ತಾಗಿತ್ತು.
ಅವಳ ಅಂಗೈ ಇನ್ನೂ ಅದರ ಮೇಲೆಯೇ ಇತ್ತು.